ಪಾಠ ಹೇಳಿದವರಿಗೆ ಸಂದ ಸಂಭಾವನೆ

ಸಂಭಾವನೆ ಎಂಬ ಮಾತು ನಮ್ಮ ಮನೆಗಳಲ್ಲಿ ಎಲ್ಲರಿಗೂ ಪರಿಚಿತವಾದದ್ದು. ಮದುವೆಯೋ ಮುಂಜಿಯೋ ಮುಗಿದ ಮೇಲೆ ಪುರೋಹಿತರಿಗೆ ತಾಂಬೂಲದೊಡನೆ ಕೊಡುವ ದಕ್ಷಿಣೆಗೆ ಆ ಹೆಸರು. ಆಕಾಶವಾಣಿಯಲ್ಲಿ ಮಾತನಾಡಿದವರಿಗೂ ಪತ್ರಿಕೆಗೆ ಬರೆದವರಿಗೂ ಸಲ್ಲುವ ಹಣಕ್ಕೂ ಈಗ ಅದೇ ಹೆಸರು. ಸಂಸ್ಕೃತದಲ್ಲಾದರೋ ಆ ಶಬ್ದಕ್ಕೆ ಗೌರವ, ಮನ್ನಣೆ ಎಂಬ ಅರ್ಥವುಂಟು. 1941ರಲ್ಲಿ ಪ್ರೊಫೆಸರ್ ಬಿ. ಎಂ. ಶ್ರೀಕಂಠಯ್ಯನವರಿಗೆ ಅವರ ಶಿಷ್ಯರೂ ಮಿತ್ರರೂ ಸೇರಿ ಒಂದು ಲೇಖನಸಂಪುಟವನ್ನು ಅರ್ಪಿಸಿದಾಗ ಅದಕ್ಕೆ ‘ಸಂಭಾವನೆ’ ಎಂದೇ ಹೆಸರಿಟ್ಟರು. ಹಣದ ಅರ್ಥ ಹಿಂದೆ ಸರಿದು ಮನ್ನಣೆಯ ಅರ್ಥ ಮುಂದೆ ಬಂದಿತು. ಹಿರಿಯ ವಿದ್ವಾಂಸರಿಗೆ ಹೀಗೆ ಅರ್ಪಿಸುವ ಪುಸ್ತಕವನ್ನು ‘ಸಂಭಾವನಾ ಗ್ರಂಥ’ ಎಂದು ಕರೆಯುವುದು ಕನ್ನಡದಲ್ಲಿ ರೂಢಿಯಾಯಿತು.

ಚೆನ್ನಾಗಿ ಪಾಠ ಹೇಳುವ ಅಧ್ಯಾಪಕನಿಗೆ ವಿಶ್ವವಿದ್ಯಾನಿಲಯ ಏನು ಕೊಡುತ್ತದೆ? ಸಂಬಳವನ್ನು ಎಲ್ಲರಿಗೂ ಕೊಡುತ್ತದೆ. ಚೆನ್ನಾಗಿ ಹೇಳುವವನಿಗೂ, ಇಪ್ಪತ್ತು ವರ್ಷದ ಹಳೆಯ ಟಿಪ್ಪಣಿಯನ್ನು ಓದಿ ಗಂಟೆ ಹೊಡೆಯುವುದನ್ನು ಕಾಯುವವನಿಗೂ. ಪುಸ್ತಕ ಬರೆದರೆ ಅದು ಕಣ್ಣಿಗೆ ಕಾಣುತ್ತದೆ, ಎಣಿಕೆಗೆ ಸಿಗುತ್ತದೆ. ಪಾಠವಾದರೆ ಕೊಠಡಿಯ ನಾಲ್ಕು ಗೋಡೆಗಳ ನಡುವೆ ಹುಟ್ಟಿ ಅಲ್ಲೇ ಮುಗಿಯುತ್ತದೆ. ಅದಕ್ಕೆ ಸಾಕ್ಷಿ ವಿದ್ಯಾರ್ಥಿಗಳು ಮಾತ್ರ. ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕಾಲುಶತಮಾನದಲ್ಲಿ ಈ ಸಾಕ್ಷಿಗಳು ತಮ್ಮ ಗುರುಗಳಿಗೆ ಯಾವ ಯಾವ ರೀತಿಯಲ್ಲಿ ಮನ್ನಣೆ ಸಲ್ಲಿಸಿದರು ಎಂಬುದು ನೋಡತಕ್ಕ ವಿಷಯ.

ಮೈಸೂರಿಗೆ ಹೋಗುವ ಮುನ್ನ ಮುಂಬಯಿಯ ಕಡೆಗೊಮ್ಮೆ ನೋಡಬೇಕು. ಏಕೆಂದರೆ ನಮ್ಮ ದೇಶದಲ್ಲಿ ಆಧುನಿಕ ವಿಶ್ವವಿದ್ಯಾನಿಲಯಗಳು ಹುಟ್ಟಿದ್ದೇ ಪಾಠ ಹೇಳುವ ಕೆಲಸವನ್ನು ಬಿಟ್ಟು. 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ಸ್ಥಾಪಿತವಾದ ಮೂರೂ ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯವು. ಅವು ಪರೀಕ್ಷೆ ನಡೆಸುತ್ತಿದ್ದುವು, ಪದವಿ ಕೊಡುತ್ತಿದ್ದುವು. ಪಾಠ ನಡೆಯುತ್ತಿದ್ದುದು ಕಾಲೇಜುಗಳಲ್ಲಿ. ವಿಶ್ವವಿದ್ಯಾನಿಲಯಗಳು ತಾವೇ ಪಾಠದ ಏರ್ಪಾಡು ಮಾಡಿಕೊಳ್ಳಲು ಕಾನೂನಿನಲ್ಲಿ ಸ್ಪಷ್ಟವಾದ ಅವಕಾಶ ದೊರೆತದ್ದು 1904ರ ಶಾಸನದಿಂದ. ಆದ್ದರಿಂದ ಪದಕ, ಬಹುಮಾನ, ವಿದ್ಯಾರ್ಥಿವೇತನಗಳೆಲ್ಲ ಪರೀಕ್ಷೆಯಲ್ಲಿ ಮೇಲಾದ ಹುಡುಗರಿಗೆ ಮೀಸಲಾದುವು. ಆ ಹುಡುಗರನ್ನು ತಯಾರುಮಾಡಿದವರ ಹೆಸರು ವಿಶ್ವವಿದ್ಯಾನಿಲಯದ ಲೆಕ್ಕಕ್ಕೆ ಬರುವಂತಿರಲಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳ ನಮ್ಮ ಹಿರಿಯರೂ ಇದೇ ಮುಂಬಯಿ ವಿಶ್ವವಿದ್ಯಾನಿಲಯದ ಕೂಸುಗಳು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯುವವರೆಗೆ ಅವರು ಪದವಿಗಾಗಿ ಪುಣೆಗೋ ಮುಂಬಯಿಗೋ ಗಂಟುಮೂಟೆ ಕಟ್ಟಬೇಕಾಗಿತ್ತು. ಕರ್ನಾಟಕ ವಿಶ್ವವಿದ್ಯಾನಿಲಯ ಕೂಡ 1949ರಲ್ಲಿ ಕಣ್ತೆರೆದದ್ದು ಮುಂಬಯಿಯಲ್ಲೇ. ಮರುವರ್ಷ ಧಾರವಾಡಕ್ಕೆ ಹೋಯಿತು.

ಆ ಕಾಲದ ನ್ಯಾಯ ಹೇಗಿತ್ತೆಂಬುದಕ್ಕೆ ಡಾಕ್ಟರ್ ರಾಮಕೃಷ್ಣ ಗೋಪಾಲ ಭಂಡಾರಕರರ ಕಥೆಯೊಂದು ಸಾಕು. ಅವರು ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರ ಕೆಲಸವನ್ನು ಹಂಗಾಮಿಯಾಗಿ ಕೆಲವು ವರ್ಷ ನಡೆಸಿದರು. ಹುಡುಗರಿಗೆ ಸಂಸ್ಕೃತ ಕಲಿಸಲು ಅವರು ಬರೆದ ಎರಡು ಪಾಠಪುಸ್ತಕಗಳನ್ನು ಹಿಡಿದು ತಲೆಮಾರುಗಳೇ ಆ ಭಾಷೆಯನ್ನು ಕಲಿತುವು. ಮೊದಲನೆಯದನ್ನು ‘ಮಾರ್ಗೋಪದೇಶಿಕಾ’ ಎಂದರೆ ಇಂದಿಗೂ ತಿಳಿಯದವರು ಕಡಿಮೆ. ಆದರೂ ಆ ಹುದ್ದೆಯನ್ನು ಕಾಯಂ ಆಗಿ ತುಂಬುವ ಸಮಯ ಬಂದಾಗ, 1873ರಲ್ಲಿ, ಬ್ರಿಟನ್ನಿನಿಂದ ಪೀಟರ್‌ಸನ್ ಎಂಬ ವಿದ್ವಾಂಸರನ್ನು ಕರೆತಂದು ಕೂರಿಸಲಾಯಿತು. ಭಂಡಾರಕರರು ಅವರ ಕೈಕೆಳಗೆ ಸಹಾಯಕರಾದರು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಕೀಲ್‌ಹಾರ್ನರ ಸ್ಥಾನ ಅವರಿಗೆ ದೊರೆಯಲು 1882 ಬರಬೇಕಾಯಿತು. ಅವರನ್ನು ಪ್ರೀತಿಸಿದವರು ಇದಕ್ಕೆ ತಮ್ಮದೇ ರೀತಿಯ ಪರಿಹಾರ ಕಂಡುಕೊಂಡರು. ಗುರುಗಳಿಗೆ ಎಂಬತ್ತು ತುಂಬಿದ ದಿನ, 1917ರ ಜುಲೈ 6ರಂದು, ಪುಣೆಯಲ್ಲಿ ಅವರ ಹೆಸರಿನ ಪ್ರಾಚ್ಯಸಂಶೋಧನ ಮಂದಿರವನ್ನು ನಿಲ್ಲಿಸಿದರು. ಸರ್ಕಾರ ಒಂಬತ್ತು ವರ್ಷ ತಡೆಹಿಡಿದದ್ದನ್ನು ಶಿಷ್ಯರೂ ಅಭಿಮಾನಿಗಳೂ ಬಡ್ಡಿಸಹಿತ ತೀರಿಸಿದರೆನ್ನಬೇಕು.

ಇನ್ನು ಮೈಸೂರು. 1916ರ ಜುಲೈ 27ರಂದು, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ಆ ವಿಶ್ವವಿದ್ಯಾನಿಲಯ ಅಸ್ತಿತ್ವಕ್ಕೆ ಬಂದಿತು. ಎಚ್. ವಿ. ನಂಜುಂಡಯ್ಯನವರು ಮೊದಲ ಉಪಕುಲಪತಿಗಳು. ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಅದರ ಎರಡು ಕಣ್ಣುಗಳು. 1918ರಲ್ಲಿ ಮಹಾರಾಜ ಕಾಲೇಜಿಗೆ ಮೂವತ್ತು ವರ್ಷದ ಒಬ್ಬ ತತ್ತ್ವಶಾಸ್ತ್ರದ ಅಧ್ಯಾಪಕರು ಬಂದರು. ಅದೇ ವಿಭಾಗದಲ್ಲಿ ಆಗ ಮುಂಬಯಿಯಿಂದ ಬಂದ ಪಾರಸಿ ವಿದ್ವಾಂಸರಾದ ಎ. ಆರ್. ವಾಡಿಯಾ ಅವರೂ ಇದ್ದರು. ಹೊಸಬರ ಹೆಸರು ಎಸ್. ರಾಧಾಕೃಷ್ಣನ್. ಬಿಳಿಯ ರುಮಾಲು, ಉದ್ದನೆಯ ಕೋಟು, ತಡೆಯಿಲ್ಲದೆ ಹರಿಯುವ ಮಾತು. ಅವರು ಮೈಸೂರಿನಲ್ಲಿದ್ದದ್ದು ಕೇವಲ ಮೂರು ವರ್ಷ. 1921ರಲ್ಲಿ ಅವರಿಗೆ ಕಲ್ಕತ್ತ ವಿಶ್ವವಿದ್ಯಾನಿಲಯದ ಐದನೆಯ ಜಾರ್ಜ್ ಪೀಠಕ್ಕೆ ಕರೆ ಬಂದಿತು.

ಅವರು ಹೊರಟ ದಿನ ನಡೆದ ಸಂಗತಿಯನ್ನು ಮೈಸೂರಿನವರು ಇನ್ನೂ ಮರೆತಿಲ್ಲ. ವಿದ್ಯಾರ್ಥಿಗಳು ಸಾರೋಟನ್ನು ಹೂವಿನಿಂದ ಅಲಂಕರಿಸಿದರು. ಕುದುರೆಗಳನ್ನು ಬಿಚ್ಚಿ ತಾವೇ ಮೂಕಿಗೆ ಹೆಗಲುಕೊಟ್ಟು ಗುರುಗಳನ್ನು ರೈಲ್ವೆ ನಿಲ್ದಾಣದವರೆಗೆ ಎಳೆದುಕೊಂಡು ಹೋದರು. ದಸರೆಯಲ್ಲಿ ಅಂಬಾರಿಯನ್ನೂ ಜಾತ್ರೆಯಲ್ಲಿ ತೇರನ್ನೂ ಕಂಡ ಊರು ಅದು. ರಾಜರಿಗೂ ದೇವರಿಗೂ ಸಲ್ಲುವ ಉಪಚಾರ ಒಬ್ಬ ಕಾಲೇಜು ಅಧ್ಯಾಪಕರಿಗೆ ಸಂದದ್ದನ್ನು ಅದು ಅಂದು ನೋಡಿತು.

ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದರ ಪಕ್ಕದಲ್ಲಿರುವ ಇನ್ನೊಂದನ್ನು ಹೇಳುವವರು ಕಡಿಮೆ. ಕಲ್ಕತ್ತದ ಪೀಠ ರಾಧಾಕೃಷ್ಣನ್ ಅವರಿಗೆ ದೊರೆತದ್ದು ಮೈಸೂರಿನ ಕೊಠಡಿಯಲ್ಲಿ ಅವರು ಹೇಗೆ ಪಾಠ ಹೇಳುತ್ತಾರೆಂಬುದನ್ನು ಕೇಳಿಯಲ್ಲ. ಸರ್ ಅಶುತೋಷ ಮುಖರ್ಜಿಯವರು ಕಲ್ಕತ್ತದಲ್ಲಿ ಕುಳಿತು ನೋಡಬಹುದಾಗಿದ್ದದ್ದು ಪುಸ್ತಕಗಳನ್ನು: 1918ರಲ್ಲಿ ಬಂದ ರವೀಂದ್ರನಾಥರ ತತ್ತ್ವವನ್ನು ಕುರಿತ ಗ್ರಂಥ, 1920ರಲ್ಲಿ ಬಂದ ಸಮಕಾಲೀನ ತತ್ತ್ವಶಾಸ್ತ್ರದ ವಿಮರ್ಶೆ. ಒಬ್ಬನೇ ಮನುಷ್ಯನಿಗೆ ಎರಡು ಕೆಲಸಗಳಿಗಾಗಿ ಎರಡು ಬಗೆಯ ಮನ್ನಣೆ ಬಂದಿತು. ಬರೆದದ್ದಕ್ಕೆ ವಿಶ್ವವಿದ್ಯಾನಿಲಯ ಪೀಠ ಕೊಟ್ಟಿತು. ಕಲಿಸಿದ್ದಕ್ಕೆ ಹುಡುಗರು ಹೆಗಲು ಕೊಟ್ಟರು. ಇನ್ನೂ ಸ್ವಾರಸ್ಯವೆಂದರೆ, ಕಲ್ಕತ್ತದಲ್ಲಿ ಆ ಪೀಠವನ್ನು ತೆರವುಮಾಡಿದ ಬ್ರಜೇಂದ್ರನಾಥ ಸೀಲರು ಮೈಸೂರಿಗೇ ಉಪಕುಲಪತಿಗಳಾಗಿ ಬಂದರು. ನಮ್ಮ ಕಡೆ ಹೆಣ್ಣು ಕೊಟ್ಟು ಹೆಣ್ಣು ತರುವ ಸಂಬಂಧದಂತಾಯಿತು.

ಆ ಸಾರೋಟಿನ ಗದ್ದಲದಲ್ಲಿ ಕಣ್ಣಿಗೆ ಬೀಳದಿದ್ದ ಇನ್ನೊಬ್ಬ ಅಧ್ಯಾಪಕರು ಅದೇ ಕಾಲೇಜಿನಲ್ಲಿದ್ದರು. ಎಂ. ಹಿರಿಯಣ್ಣನವರು ಹುಟ್ಟಿದ್ದು 1871ರಲ್ಲಿ. ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಕೆಲಸ ಮಾಡಿ, ಶಾಲೆಯ ಉಪಾಧ್ಯಾಯವೃತ್ತಿಯನ್ನೂ ಮಾಡಿ, 1912ರಲ್ಲಿ ಮಹಾರಾಜ ಕಾಲೇಜಿಗೆ ಬಂದಾಗ ಅವರಿಗೆ ನಲವತ್ತು ದಾಟಿತ್ತು. ಮಾತು ಮಿತ, ಬೇಕಾದ ಪದಕ್ಕಿಂತ ಒಂದು ಪದ ಹೆಚ್ಚಾಗಿ ಆಡುವವರಲ್ಲ. ಅವರ ಶಿಸ್ತನ್ನೂ ಸಮಯಪಾಲನೆಯನ್ನೂ ಕುರಿತು ಮೈಸೂರಿನಲ್ಲಿ ಹಬ್ಬಿದ್ದ ಮಾತುಗಳು ಒಂದೆರಡಲ್ಲ. 1927ರಲ್ಲಿ ಅವರು ನಿವೃತ್ತರಾದರು. ಐದು ವರ್ಷದ ಮೇಲೆ, ಅರವತ್ತೊಂದರ ವಯಸ್ಸಿನಲ್ಲಿ, ಭಾರತೀಯ ತತ್ತ್ವಶಾಸ್ತ್ರದ ರೂಪರೇಖೆಗಳನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ ಲಂಡನ್ನಿನಲ್ಲಿ ಅಚ್ಚಾಯಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಬಹುವರ್ಷ ಹೇಳಿದ ಪಾಠಗಳೇ ಆ ಪುಸ್ತಕಕ್ಕೆ ತಳಹದಿ. ವೇದದಿಂದ ವೇದಾಂತದವರೆಗಿನ ಇಡೀ ವಿಚಾರಪರಂಪರೆಯನ್ನು ಒಂದೇ ಸಂಪುಟದಲ್ಲಿ, ಒಂದೂ ವ್ಯರ್ಥವಾದ ವಾಕ್ಯವಿಲ್ಲದೆ, ಬಿ.ಎ. ತರಗತಿಯ ಹುಡುಗನಿಗೆ ತಿಳಿಯುವಂತೆ ಹೇಳುವ ಶಕ್ತಿ ಬರಿಯ ಪಾಂಡಿತ್ಯದಿಂದ ಬರತಕ್ಕದ್ದಲ್ಲ. ವರ್ಷವರ್ಷವೂ ಹೊಸ ಮುಖಗಳೆದುರು ನಿಂತು, ಎಲ್ಲಿ ಅವು ಮಂಕಾಗುತ್ತವೆ ಎಲ್ಲಿ ಬೆಳಗುತ್ತವೆ ಎಂಬುದನ್ನು ಗಮನಿಸಿದವನಿಗೆ ಮಾತ್ರ ಅದು ಸಾಧ್ಯ. ತೊಂಬತ್ತು ವರ್ಷ ಕಳೆದರೂ ಆ ಪುಸ್ತಕ ಇನ್ನೂ ಅಚ್ಚಾಗುತ್ತಿದೆ, ಇನ್ನೂ ಪಾಠವಾಗುತ್ತಿದೆ. ಹಿರಿಯಣ್ಣನವರಿಗೆ ಸಾರೋಟು ಬರಲಿಲ್ಲ. ನೆಲ ಕಾಣದಂತೆ ಹಾರ ಬಿದ್ದಿದ್ದರೆ ಅವರಿಗೆ ಸಂಕೋಚವಾಗುತ್ತಿತ್ತೆಂದೇ ನನ್ನ ಊಹೆ.

ಶ್ರೀಕಂಠಯ್ಯನವರ ವಿಷಯ ಬೇರೆ. ಅವರು ಇಂಗ್ಲಿಷ್ ಪ್ರಾಧ್ಯಾಪಕರು. ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರರೂ ಆಗಿದ್ದರು. ಇಂಗ್ಲಿಷ್ ಕಾವ್ಯವನ್ನು ಪಾಠ ಹೇಳುವವರು ಆ ಕಾವ್ಯದ ಸೊಗಸನ್ನು ‘ಇಂಗ್ಲಿಷ್ ಗೀತಗಳು’ ಆಗಿ ಕನ್ನಡಕ್ಕೆ ತಂದದ್ದು, ಕನ್ನಡ ತಲೆಯೆತ್ತಬೇಕೆಂದು 1911ರಲ್ಲೇ ಧಾರವಾಡದಲ್ಲಿ ಭಾಷಣ ಮಾಡಿದ್ದು, 1927ರಲ್ಲಿ ಮೈಸೂರಿನಲ್ಲಿ ಕನ್ನಡ ಎಂ.ಎ. ತರಗತಿ ತೆರೆಯಲು ದುಡಿದವರ ಮುಂಚೂಣಿಯಲ್ಲಿ ನಿಂತದ್ದು ಎಲ್ಲವೂ ಪ್ರಸಿದ್ಧವಾಗಿವೆ. 1938ರಲ್ಲಿ ಅರಮನೆ ಅವರಿಗೆ ‘ರಾಜಸೇವಾಸಕ್ತ’ ಎಂಬ ಬಿರುದನ್ನು ಕೊಟ್ಟಿತು. ಮೂರು ವರ್ಷದ ಮೇಲೆ ಶಿಷ್ಯರು ‘ಸಂಭಾವನೆ’ಯನ್ನು ಕೊಟ್ಟರು. ಅರಮನೆಯ ಬಿರುದು ಬಹು ದೊಡ್ಡದು, ಅದನ್ನು ಹಗುರಾಗಿ ಕಾಣಬೇಕಾಗಿಲ್ಲ. ಆದರೆ ಅದು ಅವರ ಸೇವೆಯನ್ನು ಗುರುತಿಸಿತು. ‘ಸಂಭಾವನೆ’ ಅವರ ಪಾಠದ ಫಲವನ್ನೇ ಅವರ ಕೈಗಿಟ್ಟಿತು. ಗುರು ಬಿತ್ತಿದ್ದು ಏನಾಯಿತೆಂಬುದಕ್ಕೆ ಲೇಖನಲೇಖನವೂ ರಸೀತಿ. ಅಧ್ಯಾಪಕನಿಗೆ ಇದಕ್ಕಿಂತ ಒಪ್ಪುವ ಕಾಣಿಕೆಯನ್ನು ಕಂಡುಹಿಡಿಯುವುದು ಕಷ್ಟ. ನಿವೃತ್ತಿಯ ಮೇಲೂ ಅವರು ಸುಮ್ಮನೆ ಕೂರಲಿಲ್ಲ. ಧಾರವಾಡದಲ್ಲಿ ಹೊಸದಾಗಿ ತೆರೆದ ಕಾಲೇಜೊಂದರ ಪ್ರಿನ್ಸಿಪಾಲರಾಗಿ ಹೋದರು. 1946ರ ಜನವರಿ 5ರಂದು ಅಲ್ಲಿಯೇ ತೀರಿಕೊಂಡರು.

ಶಿಷ್ಯನ ಕಾಣಿಕೆ ಇದಕ್ಕಿಂತಲೂ ಎತ್ತರಕ್ಕೆ ಏರಿದ ಉದಾಹರಣೆ ಒಂದುಂಟು. ಟಿ. ಎಸ್. ವೆಂಕಣ್ಣಯ್ಯನವರು ಚಿತ್ರದುರ್ಗದ ಸೀಮೆಯ ತಳುಕಿನವರು; ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರು. ಎತ್ತರದ ಆಳು, ಅದಕ್ಕೆ ತಕ್ಕ ದೊಡ್ಡ ಮನಸ್ಸು. ಎ. ಆರ್. ಕೃಷ್ಣಶಾಸ್ತ್ರಿಗಳ ಜೊತೆ ಸೇರಿ ಅವರು ಸಿದ್ಧಪಡಿಸಿದ ‘ಹರಿಶ್ಚಂದ್ರಕಾವ್ಯ ಸಂಗ್ರಹ’ದಿಂದ ರಾಘವಾಂಕನ ಪರಿಚಯ ಎಷ್ಟೋ ಮಂದಿಗೆ ಆಯಿತು. ಅದೂ ಪಾಠಕ್ಕೆಂದು ಮಾಡಿದ ಕೆಲಸವೇ. ಇಷ್ಟು ದೊಡ್ಡ ವಿದ್ವಾಂಸರು ಸ್ವಂತವಾಗಿ ಬರೆದದ್ದು ಬಲು ಕಡಿಮೆ. ಪುಟಗಳನ್ನು ಎಣಿಸುವ ಸಮಿತಿಯೊಂದು ಅವರ ಮುಂದೆ ಕುಳಿತಿದ್ದರೆ ಅವರಿಗೆ ಬಡ್ತಿ ಸಿಕ್ಕುತ್ತಿತ್ತೋ ಇಲ್ಲವೋ. ಅವರ ಶಿಷ್ಯರಲ್ಲೊಬ್ಬರು ಕನ್ನಡ ಎಂ.ಎ.ಯ ಮೊದಲ ತಂಡದಲ್ಲಿ ಓದಿ 1929ರಲ್ಲಿ ತೇರ್ಗಡೆಯಾದ ಕೆ. ವಿ. ಪುಟ್ಟಪ್ಪನವರು. 1939ರಲ್ಲಿ ವೆಂಕಣ್ಣಯ್ಯನವರು ಅಕಾಲದಲ್ಲಿ ಕಣ್ಮುಚ್ಚಿದರು. ಹತ್ತು ವರ್ಷದ ಮೇಲೆ ‘ಶ್ರೀ ರಾಮಾಯಣ ದರ್ಶನಂ’ ಬೆಳಕು ಕಂಡಾಗ ಅದರ ಮೊದಲಿಗೆ ನಿಂತದ್ದು ವೆಂಕಣ್ಣಯ್ಯನವರಿಗೆ ಮಾಡಿದ ಅರ್ಪಣೆ. ಆ ಕಾವ್ಯಕ್ಕೆ 1955ರಲ್ಲಿ ಸಾಹಿತ್ಯ ಅಕಾಡೆಮಿಯ ಮನ್ನಣೆ ಬಂದಿತು. 1967ರ ಜ್ಞಾನಪೀಠ ಪ್ರಶಸ್ತಿಯೂ ಬಂದಿತು. ಕನ್ನಡಕ್ಕೆ ಬಂದ ಮೊದಲ ಜ್ಞಾನಪೀಠ ಅದು. ಆ ಗ್ರಂಥವನ್ನು ತೆರೆದವರೆಲ್ಲ, ರಾಮನ ಕಥೆಯನ್ನು ಮುಟ್ಟುವ ಮೊದಲು, ಒಬ್ಬ ಕನ್ನಡ ಮೇಷ್ಟರನ್ನು ಕಂಡೇ ಒಳಗೆ ಹೋಗಬೇಕು.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕೃಷ್ಣಶಾಸ್ತ್ರಿಗಳು ಮಾಡಿದ ಕೆಲಸ ಹೊರನಾಡಿನ ನಮಗೆ ಹತ್ತಿರದ್ದು. ಅವರು ಪಾಠವನ್ನು ಗಂಟೆಗೆ ಮುಗಿಸದೆ ಹುಡುಗರನ್ನು ಕೂಡಿಸಿ ಕರ್ನಾಟಕ ಸಂಘವನ್ನು ಕಟ್ಟಿದರು. 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ ಪತ್ರಿಕೆಯನ್ನು ಹೊರಡಿಸಿದರು. ಇಂದು ಊರೂರಿನಲ್ಲಿ ನಾವು ಬಳಸುವ ‘ಕರ್ನಾಟಕ ಸಂಘ’ ಎಂಬ ಹೆಸರನ್ನು ಜನಪ್ರಿಯಗೊಳಿಸಿದ ಮೊದಮೊದಲ ಸಂಘಗಳಲ್ಲಿ ಒಂದು ಹೀಗೆ ಒಂದು ಕಾಲೇಜಿನಲ್ಲಿ ಒಬ್ಬ ಅಧ್ಯಾಪಕರ ಉತ್ಸಾಹದಿಂದ ಹುಟ್ಟಿತು. 1941ರಲ್ಲಿ ಹೈದರಾಬಾದಿನಲ್ಲಿ ಸೇರಿದ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾಗಿದ್ದರು. ಅವರ ‘ವಚನ ಭಾರತ’ ನಮ್ಮಲ್ಲಿ ಅನೇಕರ ಪೆಟ್ಟಿಗೆಯಲ್ಲಿ ಊರಿನಿಂದ ಬಂದ ಪುಸ್ತಕ. 1956ರಲ್ಲಿ ಶಿಷ್ಯರು ಅವರಿಗೆ ‘ಅಭಿವಂದನೆ’ಯನ್ನು ಅರ್ಪಿಸಿದರು. 1967ರಲ್ಲಿ ಡಿ. ಎಲ್. ನರಸಿಂಹಾಚಾರ್ಯರಿಗೆ ‘ಉಪಾಯನ’ ಸಂದಿತು. ಆಚಾರ್ಯರೂ ತಮ್ಮ ವಿದ್ವತ್ತಿಗೆ ಹೋಲಿಸಿದರೆ ಸ್ವಲ್ಪವೇ ಅಚ್ಚುಹಾಕಿಸಿದವರು. ಹಳಗನ್ನಡದ ಒಂದು ಶಬ್ದದ ಹಿಂದೆ ಬಿದ್ದರೆ ದಿನಗಟ್ಟಲೆ ಬಿಡದವರು. ಸಿಕ್ಕಿದ್ದನ್ನು ಕೇಳಿದವರಿಗೆಲ್ಲ ಕೊಟ್ಟುಬಿಡುವವರು.

ಈ ಪದ್ಧತಿಯನ್ನು ಹೊಗಳಿ ಇಲ್ಲಿಗೆ ನಿಲ್ಲಿಸಿದರೆ ಅರ್ಧ ಸತ್ಯವಾದೀತು. ಮೊದಲನೆಯ ಕೊರತೆ, ಇದು ತಡವಾಗಿ ಬರುವ ಮನ್ನಣೆ. ಶಿಷ್ಯರು ಬೆಳೆದು ಕೈಯಲ್ಲಿ ಲೇಖನಿ ಹಿಡಿಯುವ ಹೊತ್ತಿಗೆ ಗುರುವಿಗೆ ತಲೆ ನರೆತಿರುತ್ತದೆ, ಅಥವಾ ವೆಂಕಣ್ಣಯ್ಯನವರಂತೆ ಗುರುವೇ ಇರುವುದಿಲ್ಲ. ಎರಡನೆಯದು ಇನ್ನೂ ದೊಡ್ಡದು. ಕವಿಗಳಿಗೂ ಪಂಡಿತರಿಗೂ ಪಾಠ ಹೇಳಿದವರ ಹೆಸರು ಉಳಿಯಿತು, ಏಕೆಂದರೆ ಶಿಷ್ಯರಿಗೆ ಬರೆಯಲು ಬರುತ್ತಿತ್ತು. ಇಂಟರ್‌ಮೀಡಿಯೆಟ್ ಹುಡುಗರಿಗೆ ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟವರು, ರಸಾಯನಶಾಲೆಯಲ್ಲಿ ಕೈಹಿಡಿದು ತೂಗುವುದನ್ನು ಕಲಿಸಿದವರು ಇವರ ಶಿಷ್ಯರು ಎಂಜಿನಿಯರುಗಳಾದರು, ವೈದ್ಯರಾದರು, ಬ್ಯಾಂಕಿನ ಏಜೆಂಟರಾದರು, ಪುಸ್ತಕ ಬರೆಯಲಿಲ್ಲ. ಡಿ. ವಿ. ಗುಂಡಪ್ಪನವರ ‘ಜ್ಞಾಪಕ ಚಿತ್ರಶಾಲೆ’ಯಂಥ ಗ್ರಂಥಮಾಲೆ ಇಲ್ಲದಿದ್ದರೆ ಹಳೆಯ ಮೈಸೂರಿನ ಎಷ್ಟೋ ಸಜ್ಜನರ ಗುರುತೇ ನಮಗೆ ಸಿಕ್ಕುತ್ತಿರಲಿಲ್ಲ. ಮೂರನೆಯದಾಗಿ, ಸಂಭಾವನಾ ಗ್ರಂಥಕ್ಕೆ ಬಂದ ಗತಿ. ಅದು ಅಭಿನಂದನ ಗ್ರಂಥವಾಗಿ, ಅಧಿಕಾರದಲ್ಲಿರುವವರಿಗೂ ಹಣವಂತರಿಗೂ ಅರವತ್ತು ತುಂಬಿದಾಗಲೆಲ್ಲ ಹೊರಡತೊಡಗಿತು. ತೂಕ ಹೆಚ್ಚಿತು, ಓದುವವರು ತಪ್ಪಿದರು.

ಹಾಗಾದರೆ ವಿಶ್ವವಿದ್ಯಾನಿಲಯವೇ ಅಳೆಯಲಿ ಎನ್ನೋಣವೆ? ಅದನ್ನೂ ಮಾಡಿ ನೋಡಿದ್ದಾಗಿದೆ. 2010ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ಅಧ್ಯಾಪಕರ ಬಡ್ತಿಗೆ ಅಂಕಗಳ ಪದ್ಧತಿಯನ್ನು ತಂದಿತು. ಪಾಠಕ್ಕೆ ಇಷ್ಟು, ಸಂಶೋಧನ ಲೇಖನಕ್ಕೆ ಇಷ್ಟು, ವಿಚಾರಸಂಕಿರಣಕ್ಕೆ ಇಷ್ಟು. ಲೇಖನಗಳನ್ನು ಎಣಿಸುವುದು ಸುಲಭವಾದ್ದರಿಂದ ಲೇಖನಗಳು ಹೆಚ್ಚಿದುವು. ಹಣ ತೆಗೆದುಕೊಂಡು ಏನನ್ನಾದರೂ ಅಚ್ಚುಹಾಕುವ ಪತ್ರಿಕೆಗಳೂ ಹೆಚ್ಚಿದುವು. ಪಾಠಕ್ಕೆ ಸಿಕ್ಕಿದ ಅಂಕ ಗಂಟೆಗಳ ಲೆಕ್ಕದಲ್ಲಿ ಸಿಕ್ಕಿತು. ಆ ಗಂಟೆಯಲ್ಲಿ ಏನು ನಡೆಯಿತೆಂಬುದನ್ನು ಯಾವ ನಮೂನೆಯೂ ಕೇಳಲು ತಿಳಿಯದು. 2018ರಲ್ಲಿ ನಿಯಮಗಳನ್ನು ಬದಲಾಯಿಸಲಾಯಿತು. ಹಿರಿಯಣ್ಣನವರನ್ನು ಈ ನಮೂನೆಗಳಲ್ಲಿ ಯಾವ ಕಾಲಮಿನಲ್ಲಿ ತುಂಬಬೇಕೆಂದು ಯೋಚಿಸಿದರೆ ನಗು ಬರುತ್ತದೆ, ಜೊತೆಗೆ ಸ್ವಲ್ಪ ಭಯವೂ ಆಗುತ್ತದೆ.

ಸಾರೋಟಿನಲ್ಲಿ ಕುಳಿತು ಮೈಸೂರು ಬಿಟ್ಟವರು 1962ರಲ್ಲಿ ರಾಷ್ಟ್ರಪತಿಗಳಾದರು; ಆ ವರ್ಷದಿಂದ ಅವರ ಹುಟ್ಟುಹಬ್ಬವಾದ ಸೆಪ್ಟೆಂಬರ್ 5 ಶಿಕ್ಷಕರ ದಿನವಾಯಿತು. ಆ ದಿನ ದೆಹಲಿಯಲ್ಲಿ ಕೊಡುವ ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿ 1958ರಲ್ಲಿ ಆರಂಭವಾದದ್ದು. ಅದು ಶಾಲೆಯ ಉಪಾಧ್ಯಾಯರಿಗೆ ಮೀಸಲಾಗಿತ್ತು. ಉನ್ನತ ಶಿಕ್ಷಣದ ಅಧ್ಯಾಪಕರಿಗೂ ಅದು ಸಲ್ಲತೊಡಗಿದ್ದು 2023ರಲ್ಲಿ. ಕಾಲೇಜು ಅಧ್ಯಾಪಕರೊಬ್ಬರ ಹೆಸರಿನ ದಿನದಂದು ಕಾಲೇಜು ಅಧ್ಯಾಪಕರಿಗೆ ಜಾಗವಾಗಲು ಅರವತ್ತು ವರ್ಷದ ಮೇಲೆ ಹಿಡಿಯಿತು!

ನನಗೆ ಹೆಚ್ಚು ಭರವಸೆ ಹುಟ್ಟಿಸುವುದು ಇನ್ನೊಂದು ದಾರಿ. ಮುಂಬಯಿಯ ಪವಯಿಯಲ್ಲಿರುವ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಉತ್ತಮ ಬೋಧನೆಗೆಂದೇ ಪ್ರತ್ಯೇಕ ಪ್ರಶಸ್ತಿಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವು ಸಂಶೋಧನೆಗೆ ಹೆಸರಾದ ಜಾಗ. ಅಲ್ಲಿ ಕಂಪ್ಯೂಟರ್ ವಿಜ್ಞಾನವನ್ನು ಬಹುಕಾಲ ಕಲಿಸಿದ ಪ್ರೊಫೆಸರ್ ಪ್ರೀತಿ ಶಂಕರರು ತೀರಿಕೊಂಡ ಮೇಲೆ, ಕಿರಿಯ ಅಧ್ಯಾಪಕರ ಬೋಧನೆಗಾಗಿ ಅವರ ಹೆಸರಿನಲ್ಲಿ ಒಂದು ಪ್ರಶಸ್ತಿ ಏರ್ಪಟ್ಟಿತು. ‘ಸಂಭಾವನೆ’ಯ ಭಾವವೇ ಇದು; ಒಂದು ಹೆಜ್ಜೆ ಮುಂದೆ ಹೋಗಿದೆ. ತೀರಿಕೊಂಡ ಗುರುವಿನ ಹೆಸರಿನ ಕಾಣಿಕೆ, ತಲೆ ನರೆಯುವ ಮೊದಲೇ, ಇನ್ನೂ ಪಾಠ ಹೇಳುತ್ತಿರುವ ಕಿರಿಯರ ಕೈಸೇರುತ್ತದೆ.

ಹೊರನಾಡಿನ ನಮ್ಮ ಕನ್ನಡ ಅಧ್ಯಾಪಕರ ಮಾತನ್ನೂ ಇಲ್ಲಿ ಹೇಳಬೇಕು. ಮದರಾಸು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಕಲಿಸುತ್ತ, ಕಿಟ್ಟೆಲ್ ನಿಘಂಟನ್ನು ಪರಿಷ್ಕರಿಸಿಕೊಟ್ಟವರು ಎಂ. ಮರಿಯಪ್ಪ ಭಟ್ಟರು. ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ 1978ರಲ್ಲಿ ಕನ್ನಡ ವಿಭಾಗ ತೆರೆದಾಗ ಅದನ್ನು ಬೆಳೆಸಿದವರು ಶ್ರೀನಿವಾಸ ಹಾವನೂರರು. ಇಂಥ ವಿಭಾಗಗಳಲ್ಲಿ ತರಗತಿಗೆ ಬರುವ ಹುಡುಗರು ಕೈಬೆರಳಿನಲ್ಲಿ ಎಣಿಸುವಷ್ಟು. ಹಗಲು ಕಚೇರಿಯ ಕೆಲಸ ಮಾಡಿ ಬಿಡುವಿನಲ್ಲಿ ಓದುವವರೂ ಉಂಟು. ಅವರಿಗಾಗಿ ಪಂಪನನ್ನೂ ಹರಿಹರನನ್ನೂ ಮತ್ತೆ ಮತ್ತೆ ತೆರೆಯುವ ಅಧ್ಯಾಪಕರನ್ನು ಊರಿನ ದೊಡ್ಡ ಪತ್ರಿಕೆಗಳು ಕಾಣುವುದು ಅಪರೂಪ.

ರಾಜ್ಯೋತ್ಸವದ ದಿನ ಹೊರನಾಡಿನ ಸಂಘಗಳು ಕನ್ನಡದಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳನ್ನು ವೇದಿಕೆಗೆ ಕರೆದು ಬಹುಮಾನ ಕೊಡುತ್ತವೆ. ಬಹುಮಾನಕ್ಕೆ ಬರುವ ಪ್ರತಿಯೊಂದು ಮಗುವೂ ಕಾಲೇಜು ವಿದ್ಯಾರ್ಥಿಯೂ ತನಗೆ ಚೆನ್ನಾಗಿ ಪಾಠ ಹೇಳಿದವರ ಹೆಸರನ್ನು ಅರ್ಜಿಯಲ್ಲಿ ಒಂದು ಸಾಲಿನಲ್ಲಿ ಬರೆದುಕೊಡಲಿ, ಏಕೆಂಬುದನ್ನು ಇನ್ನೊಂದು ಸಾಲಿನಲ್ಲಿ. ಆ ಗುರುಗಳನ್ನೂ ಅದೇ ವೇದಿಕೆಗೆ ಕರೆಯೋಣ. ಮಕ್ಕಳು ಬರೆದದ್ದನ್ನು ಅವರ ಎದುರಿನಲ್ಲೇ ಓದಿಸೋಣ. ಖರ್ಚೆಂದರೆ ಒಂದು ಹಾರ, ಒಂದು ಪುಸ್ತಕ, ಮನೆಯಿಂದ ಸಭಾಂಗಣಕ್ಕೆ ಹೋಗಿಬರುವ ಗಾಡಿಯ ಬಾಡಿಗೆ.